ತಿರುಪಿಗೆ ತಕ್ಕ ತಿರುಪುಳಿ

ಮಳೆಗಾಲ ಕಳೆದು ನವರಾತ್ರಿ ಸಮೀಪಿಸುವ ಹೊತ್ತಿಗೆ ಮನೆಮನೆಗಳಲ್ಲಿ ಬೀರುವಿನ ಬಟ್ಟೆಬರೆಗಳು ಬಿಸಿಲು ಕಾಣಲು ಹೊರಗೆ ಬರುತ್ತವೆಯಷ್ಟೆ. ಅವುಗಳ ಜೊತೆಯಲ್ಲಿ, ಯಾವುದೋ ಮೂಲೆಯಲ್ಲಿ ಅಡಗಿದ್ದ ಹಳೆಯ ಕ್ಯಾಮರಾದ ಚರ್ಮದ ಚೀಲವೂ ಹೊರಗೆ ಬರುವುದುಂಟು. ತಂದೆಯವರೋ ಚಿಕ್ಕಪ್ಪನವರೋ ಮದುವೆ ಮುಂಜಿಗಳಲ್ಲಿ ಕೊರಳಿಗೆ ಹಾಕಿಕೊಂಡು ತಿರುಗಾಡಿದ ಕ್ಯಾಮರಾ ಅದು. ಮುಚ್ಚಳ ತೆಗೆದು ಮಸೂರವನ್ನು ಬೆಳಕಿಗೆ ಹಿಡಿದರೆ ಗಾಜಿನ ಒಳಗಡೆ ಜೇಡರ ಬಲೆಯ ಎಳೆಗಳಂತೆ ಬಿಳಿಯ ಬೂಷ್ಟು ಹಬ್ಬಿರುವುದು ಕಾಣುತ್ತದೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಇದೇನೂ ಆಶ್ಚರ್ಯದ ಸಂಗತಿಯಲ್ಲ. ಚರ್ಮದ ಚೀಲ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಕತ್ತಲೆ ಮತ್ತು ತೇವ ಎರಡೂ ಕೂಡಿದಲ್ಲಿ ಬೂಷ್ಟಿಗೆ ಬೇರೆ ಆಹ್ವಾನ ಬೇಕಿಲ್ಲ. ಅದನ್ನು ಹಾಗೆಯೇ ಬಿಟ್ಟರೆ ಅದರಿಂದ ಒಸರುವ ಆಮ್ಲ ಮೊದಲು ಗಾಜಿನ ಮೇಲಿನ ಲೇಪವನ್ನೂ ಆಮೇಲೆ ಗಾಜನ್ನೂ ತಿನ್ನತೊಡಗುತ್ತದೆ. ಒಮ್ಮೆ ತಿಂದದ್ದನ್ನು ಯಾವ ಬಟ್ಟೆಯಿಂದ ಒರೆಸಿದರೂ ಮರಳಿ ಪಡೆಯಲಾಗದು.

ಆದುದರಿಂದ ಮಸೂರವನ್ನು ಬಿಚ್ಚಿ ಶುಚಿಗೊಳಿಸಬೇಕೆಂಬ ಅಪೇಕ್ಷೆ ಸಹಜವಾದುದೇ. ಅಪಾಯವಿರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಮನೆಯ ಯಜಮಾನರು ಎದ್ದು ಹೋಗಿ ಹೊಲಿಗೆ ಯಂತ್ರದ ಖಾನೆಯಿಂದ ತಿರುಪುಳಿಯೊಂದನ್ನು ತರುತ್ತಾರೆ. ಬಣ್ಣದ ಡಬ್ಬಿಯ ಮುಚ್ಚಳ ಎತ್ತಿದ್ದೂ ಅದೇ, ಗೋಡೆಯ ಮೊಳೆ ಕಿತ್ತದ್ದೂ ಅದೇ, ಕಳೆದ ವರ್ಷ ತೆಂಗಿನಕಾಯಿಯ ಕಣ್ಣು ಚುಚ್ಚಿದ್ದೂ ಪ್ರಾಯಶಃ ಅದೇ. ಆಯುಧಪೂಜೆಯ ದಿನ ಕುಂಕುಮವಿಟ್ಟು ಕೈಮುಗಿಯುವ ಈ ಉಪಕರಣವನ್ನು ಉಳಿದ ಮುನ್ನೂರ ಅರವತ್ತನಾಲ್ಕು ದಿನ ನಾವು ನಡೆಸಿಕೊಳ್ಳುವ ರೀತಿ ಹೀಗಿದೆ! ಅದರ ಸವೆದ ಮೊನೆಯನ್ನು ಮಸೂರದ ತಿರುಪಿನ ಮೇಲಿಟ್ಟು ಒಮ್ಮೆ ತಿರುಗಿಸಿದರೆ ಸಾಕು, ತಿರುಪಿನ ತಲೆ ಕಿತ್ತುಹೋಗಿ ಅಲ್ಲಿ ಬಟ್ಟಲಿನಂತಹ ಒಂದು ಗುಳಿ ಉಳಿಯುತ್ತದೆ.

ಮೈಸೂರಿನಲ್ಲಿ ಕ್ಯಾಮರಾ ದುರಸ್ತಿ ಮಾಡುತ್ತಿದ್ದ ವೃದ್ಧರೊಬ್ಬರ ಅಭ್ಯಾಸವೊಂದನ್ನು ನಾನು ಬಲ್ಲೆ. ಯಾರಾದರೂ ಮಸೂರವನ್ನು ತಂದು ಮೇಜಿನ ಮೇಲಿಟ್ಟರೆ ಅವರು ಗಾಜನ್ನು ನೋಡುತ್ತಲೇ ಇರಲಿಲ್ಲ. ಭೂತಗಾಜನ್ನು ಕಣ್ಣಿಗಿಟ್ಟುಕೊಂಡು ಮೊದಲು ತಿರುಪುಗಳ ತಲೆಗಳನ್ನು ಒಂದೊಂದಾಗಿ ಪರೀಕ್ಷಿಸಿ, “ಇದಕ್ಕೆ ಮುಂಚೆ ಯಾರು ಕೈಹಾಕಿದ್ದರು, ಸ್ವಾಮಿ?” ಎಂದು ಕೇಳುತ್ತಿದ್ದರು. ಕೂಲಿಯ ನಿಷ್ಕರ್ಷೆಯಾಗುತ್ತಿದ್ದುದು ಆ ಪ್ರಶ್ನೆಗೆ ಬರುವ ಉತ್ತರದ ಮೇಲೆ. ಬೂಷ್ಟು ಹಿಡಿದ ಮಸೂರವನ್ನು ಅವರು ಒಂದು ಮಧ್ಯಾಹ್ನದಲ್ಲಿ ಶುಚಿ ಮಾಡಬಲ್ಲವರಾಗಿದ್ದರು. ತಲೆ ಕಿತ್ತುಹೋದ ತಿರುಪು ಒಂದೇ ಒಂದಿದ್ದರೂ ಅದನ್ನು ಕೊರೆದು ತೆಗೆಯುವುದಕ್ಕೆ ಒಂದು ದಿನ ಹಿಡಿಯುತ್ತಿತ್ತು. ಅಂತಹ ಕುಶಲಿಗಳ ಸಂಖ್ಯೆ ಈಗ ವಿರಳವಾಗಿದೆ. ಹೀಗಿರುವಾಗ ನಾವು ತಪ್ಪು ಉಪಕರಣದಿಂದ ಕೆಡಿಸಿದ ತಿರುಪು ನಮಗಷ್ಟೇ ಅಲ್ಲ, ಮುಂದೆ ಆ ಮಸೂರವನ್ನು ಸರಿಪಡಿಸಬಲ್ಲವರಿಗೂ ಬಾಗಿಲು ಹಾಕಿಬಿಡುತ್ತದೆ. ಬೂಷ್ಟು ಇನ್ನೂ ಒಂದು ತಿಂಗಳು ಕಾದೀತು. ಸರಿಯಾದ ಉಪಕರಣ ಕೈಸೇರುವವರೆಗೆ ಅದನ್ನು ಕಾಯಿಸುವುದೇ ಲೇಸು.

ತಿರುಪುಳಿ ಎಂಬ ನಮ್ಮ ಮಾತನ್ನೇ ಒಮ್ಮೆ ಬಿಡಿಸಿ ನೋಡಬಹುದು. ತಿರುಪು ಮತ್ತು ಉಳಿ ಸೇರಿ ಆದ ಸಮಾಸ ಅದು. ಪದ ಸೊಗಸಾಗಿದೆ, ಕಿವಿಗೆ ಹಿತವಾಗಿದೆ. ಆದರೆ ಮಸೂರದ ಕೆಲಸದಲ್ಲಿ ಅದು ನಮ್ಮನ್ನು ಹಾದಿ ತಪ್ಪಿಸುತ್ತದೆ. ಬಡಗಿಯ ಉಳಿ ತುದಿಯ ಕಡೆಗೆ ಬರಬರುತ್ತ ತೆಳ್ಳಗಾಗಿ ಹರಿತವಾಗುತ್ತದೆ. ಪೇಟೆಯಲ್ಲಿ ಸಿಗುವ ಸಾಮಾನ್ಯ ಚಪ್ಪಟೆ ತಿರುಪುಳಿಯ ಮೊನೆಯೂ ಹಾಗೆಯೇ ಬೆಣೆಯ ಆಕಾರದ್ದು. ತಿರುಪಿನ ತಲೆಯ ಸೀಳಾದರೋ ಹಾಗಿಲ್ಲ. ಅದರ ಎರಡು ಗೋಡೆಗಳೂ ನೇರವಾಗಿ, ಒಂದಕ್ಕೊಂದು ಸಮಾನಾಂತರವಾಗಿ ಇಳಿದಿರುತ್ತವೆ. ನೇರ ಗೋಡೆಗಳ ನಡುವೆ ಬೆಣೆ ಇಟ್ಟು ತಿರುಗಿಸಿದರೆ ಬೆಣೆ ತಳ ಮುಟ್ಟದೆ, ಸೀಳಿನ ಮೇಲಂಚನ್ನು ಮಾತ್ರ ಒತ್ತುತ್ತ ಮೇಲಕ್ಕೆ ಏರಿ ಜಾರುತ್ತದೆ. ಜಾರಿದ ಮೊನೆ ಹೋಗಿ ನಿಲ್ಲುವುದು ಎಲ್ಲಿ? ಕಪ್ಪು ಬಣ್ಣದ ಉಂಗುರದ ಮೇಲೆ, ದುರದೃಷ್ಟವಿದ್ದರೆ ಗಾಜಿನ ಮೇಲೆ.

ಇದಕ್ಕೆ ಪರಿಹಾರವುಂಟು. ಗಡಿಯಾರ ದುರಸ್ತಿಯವರೂ ಬಂದೂಕು ದುರಸ್ತಿಯವರೂ ಬಳಸುವ ತಿರುಪುಳಿಗಳ ಮೊನೆಯನ್ನು ಇಕ್ಕೆಲಗಳಲ್ಲಿ ಒಳಬಾಗುವಂತೆ ಅರೆದು, ತುದಿಯ ಭಾಗ ಎರಡೂ ಕಡೆ ಸಮಾನಾಂತರವಾಗಿರುವಂತೆ ಮಾಡಿರುತ್ತಾರೆ. ಅಂತಹ ಮೊನೆ ಸೀಳಿನ ತಳದವರೆಗೆ ಇಳಿದು ಅದರ ಗೋಡೆಗಳನ್ನು ಪೂರ್ತಿಯಾಗಿ ತುಂಬುತ್ತದೆ. ಕೊಳ್ಳುವಾಗ ಅದನ್ನು ಪಕ್ಕದಿಂದ ಬೆಳಕಿಗೆ ಹಿಡಿದು ನೋಡಿದರೆ ಭೇದ ಕೂಡಲೇ ತಿಳಿಯುತ್ತದೆ. ಅಗಲದ ವಿಷಯದಲ್ಲಿಯೂ ಔದಾರ್ಯ ಸಲ್ಲದು. ಸೀಳಿನ ಉದ್ದಕ್ಕಿಂತ ಮೊನೆ ಕಿರಿದಾದರೆ ಸೀಳು ಹರಿಯುತ್ತದೆ. ದೊಡ್ಡದಾದರೆ ಸುತ್ತಲಿನ ಲೋಹ ಗೀರುತ್ತದೆ. 0.8, 1.0, 1.2, 1.4 ಮತ್ತು 2.0 ಮಿಲಿಮೀಟರ್ ಅಗಲದ ಐದು ಚಪ್ಪಟೆ ತಿರುಪುಳಿಗಳಿದ್ದರೆ ಹಳೆಯ ಮಸೂರಗಳ ಮಟ್ಟಿಗೆ ಹೆಚ್ಚುಕಡಮೆ ಸಾಕಾಗುತ್ತದೆ. ಹಿತ್ತಾಳೆಯ ತಿರುಪುಗಳ ಸೀಳು ತೀರ ಮೃದುವಾದುದರಿಂದ ಅಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು.

ಇನ್ನು ಕೂಡಿಸುವ ಚಿಹ್ನೆಯಂತಹ ಗುಳಿಯುಳ್ಳ ತಿರುಪುಗಳು. ನಮ್ಮ ಅಂಗಡಿಗಳಲ್ಲಿ ಇವಕ್ಕೆ ‘ಸ್ಟಾರ್’ ಎಂದು ಹೆಸರು. ನಕ್ಷತ್ರಕ್ಕೂ ಇದಕ್ಕೂ ಏನು ಸಾಮ್ಯವೋ ಅಂಗಡಿಯವರೇ ಬಲ್ಲರು! ಬಹುಮಂದಿ ಎಡವುವುದು ಇಲ್ಲಿ. ಆದುದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಮೆರಿಕದ ಆರಿಗನ್ ಪ್ರಾಂತದ ಪೋರ್ಟ್‌ಲ್ಯಾಂಡ್ ನಗರದ ಹೆನ್ರಿ ಫಿಲಿಪ್ಸ್ ಎಂಬಾತನಿಗೆ ಈ ಮಾದರಿಯ ತಿರುಪಿನ ಪೇಟೆಂಟುಗಳು ದೊರೆತದ್ದು 1936ರಲ್ಲಿ. ಜನರಲ್ ಮೋಟರ್ಸ್ ಸಂಸ್ಥೆ ತನ್ನ ಕ್ಯಾಡಿಲಾಕ್ ಕಾರುಗಳಲ್ಲಿ ಅದನ್ನು ಬಳಸತೊಡಗಿದ ಮೇಲೆ ಅದು ಲೋಕಪ್ರಸಿದ್ಧವಾಯಿತು. ಕಾರ್ಖಾನೆಗಳಲ್ಲಿ ವಿದ್ಯುತ್ ಯಂತ್ರದಿಂದ ತಿರುಪು ಬಿಗಿಸುವವರಿಗೆ ಅದರಿಂದ ಮಹದುಪಕಾರವಾಯಿತು, ಏಕೆಂದರೆ ಮೊನೆ ತಾನಾಗಿಯೇ ಗುಳಿಯ ನಡುವಿನಲ್ಲಿ ಕೂರುತ್ತದೆ. ಆದರೆ ಅದಕ್ಕೆ ಇನ್ನೊಂದು ಗುಣವೂ ಉಂಟು: ತಿರುಚುವ ಬಲ ಮಿತಿಮೀರಿದರೆ ಮೊನೆ ಗುಳಿಯ ಇಳಿಜಾರಿನ ಮೇಲೆ ಏರಿ ಹೊರಕ್ಕೆ ಜಾರುತ್ತದೆ.

ಯುದ್ಧಾನಂತರದ ಜಪಾನು ತನ್ನ ಕೈಗಾರಿಕೆಗಳಿಗೆಲ್ಲ ಏಕರೂಪದ ಮಾನಕಗಳನ್ನು ರೂಪಿಸಿಕೊಳ್ಳಲು 1949ರಲ್ಲಿ ಕಾನೂನನ್ನೇ ಮಾಡಿತು. ಅದರ ಫಲವಾಗಿ ಬಂದ ಜಪಾನೀ ಕೈಗಾರಿಕಾ ಮಾನಕವನ್ನು ಇಂಗ್ಲಿಷಿನ ಮೊದಲಕ್ಷರಗಳಿಂದ ಜೆ.ಐ.ಎಸ್. ಎನ್ನುತ್ತಾರೆ. ಜಪಾನಿನ ಅಡ್ಡಗುಳಿಯ ತಿರುಪೂ ಈ ಮಾನಕದೊಳಗೆ ಬಂದಿತು. ಬರಿಗಣ್ಣಿಗೆ ಎರಡೂ ಒಂದೇ, ಅವಳಿಮಕ್ಕಳಂತೆ. ವ್ಯತ್ಯಾಸವಿರುವುದು ಗುಳಿಯ ಒಳಮೂಲೆಗಳಲ್ಲಿ. ಫಿಲಿಪ್ಸ್ ತಿರುಪುಳಿಯ ನಾಲ್ಕು ರೆಕ್ಕೆಗಳ ಬುಡದ ಸಂದು ದುಂಡಗಾಗಿ ತುಂಬಿರುತ್ತದೆ. ಜಪಾನೀ ತಿರುಪಿನ ಗುಳಿಯಲ್ಲಿ ಆ ದುಂಡಗೆ ಎಡೆಯಿಲ್ಲ. ಆದ್ದರಿಂದ ಫಿಲಿಪ್ಸ್ ಮೊನೆ ಪೂರ್ತಿ ಕೆಳಗಿಳಿಯದೆ ಅಂಚಿನ ಮೇಲೆಯೇ ಕುಳಿತು, ತಿರುಗಿಸಿದಾಗ ಆ ಅಂಚನ್ನೇ ಕೆರೆದು ಹಾಕುತ್ತದೆ. ಜಪಾನೀ ತಿರುಪುಳಿಯಾದರೋ ತನ್ನ ತಿರುಪಿನಲ್ಲಿ ತಳಮುಟ್ಟ ಕೂರುತ್ತದೆ. ಸಾಮಾನ್ಯವಾಗಿ ಫಿಲಿಪ್ಸ್ ತಿರುಪಿನಲ್ಲಿಯೂ ಹೊಂದಿಕೊಂಡು ಕೆಲಸ ನಡೆಸಿಕೊಡುತ್ತದೆ. ಮದುವೆಮನೆಗಳ ನೆನಪನ್ನು ಹೊತ್ತ ಪೆಂಟಾಕ್ಸ್, ನಿಕಾನ್, ಯಾಶಿಕಾ, ಕ್ಯಾನನ್, ಮಿನೋಲ್ಟಾ ಇವೆಲ್ಲ ಜಪಾನೀ ಹೆಸರುಗಳು ಎಂಬುದನ್ನು ನೆನೆದರೆ ಯಾವುದನ್ನು ಕೊಳ್ಳಬೇಕೆಂಬ ಪ್ರಶ್ನೆ ತಾನಾಗಿ ತೀರುತ್ತದೆ. ಒಸಾಕಾ ನಗರದ ವೆಸೆಲ್ ಮತ್ತು ಹೋಜಾನ್ ಸಂಸ್ಥೆಗಳು ಇಂತಹ ತಿರುಪುಳಿಗಳನ್ನು ತಯಾರಿಸುತ್ತವೆ. ಅಂತರ್ಜಾಲದ ಅಂಗಡಿಗಳ ಮೂಲಕ ತರಿಸಿಕೊಳ್ಳಬಹುದು. 00 ಮತ್ತು 0 ಎಂಬ ಎರಡು ಅಳತೆಗಳು ಅವಶ್ಯ. ತೀರ ಸಣ್ಣ ತಿರುಪುಗಳಿಗೆ 000, ಕ್ಯಾಮರಾಕ್ಕೆ ಮಸೂರವನ್ನು ಜೋಡಿಸುವ ಹಿಂಬದಿಯ ಉಂಗುರದ ದಪ್ಪ ತಿರುಪುಗಳಿಗೆ ಕೆಲವೊಮ್ಮೆ 1 ಬೇಕಾಗುತ್ತದೆ.

ಒಂದೇ ಪೆಟ್ಟಿಗೆಯಲ್ಲಿ ಐವತ್ತು ಅರುವತ್ತು ಮೊನೆಗಳನ್ನಿಟ್ಟು ಅಗ್ಗದ ಬೆಲೆಗೆ ಮಾರುವ ಪೆಟ್ಟಿಗೆಗಳನ್ನು ಕಂಡು ಮರುಳಾಗುವವರು ಅನೇಕರಿದ್ದಾರೆ. ಪೆಟ್ಟಿಗೆ ತೆರೆದಾಗ ಕಣ್ಣಿಗೆ ಹಬ್ಬವೇನೋ ಹೌದು. ಆದರೆ ಅವುಗಳಲ್ಲಿ ನಲವತ್ತಕ್ಕೆ ಮಸೂರದಲ್ಲಿ ಕೆಲಸವೇ ಇಲ್ಲ. ಉಳಿದ ಹತ್ತರ ಉಕ್ಕು ಮೆದುವಾಗಿದ್ದರೆ ಮೊದಲ ಬಿಗಿ ತಿರುಪಿಗೇ ಮೊನೆ ಮುರುಟಿಹೋಗುತ್ತದೆ. ಅದೇ ಹಣಕ್ಕೆ ನಾಲ್ಕೇ ಒಳ್ಳೆಯ ತಿರುಪುಳಿಗಳು ಬರುವುದಾದರೆ ನಾಲ್ಕನ್ನೇ ಕೊಳ್ಳತಕ್ಕದ್ದು. ಹಿಡಿಯ ತಲೆಯ ಮೇಲೆ ತಾನೇ ತಿರುಗುವ ಬಿಲ್ಲೆಯಿರುವಂಥದು ಉತ್ತಮ. ತೋರುಬೆರಳಿನಿಂದ ಆ ಬಿಲ್ಲೆಯನ್ನು ಒತ್ತಿ ಹಿಡಿದು ಹೆಬ್ಬೆರಳು ಮಧ್ಯದ ಬೆರಳುಗಳಿಂದ ಹಿಡಿಯನ್ನು ತಿರುಗಿಸಬಹುದು. ಜಪಾನಿನವರು ಇದಕ್ಕೊಂದು ಲೆಕ್ಕ ಹೇಳುತ್ತಾರೆ: ಒತ್ತುವ ಬಲ ಏಳು ಪಾಲು, ತಿರುಗಿಸುವ ಬಲ ಮೂರು ಪಾಲು. ನಮ್ಮ ಕೈಗಳು ಸ್ವಭಾವತಃ ಇದನ್ನು ತಿರುವುಮುರುವಾಗಿ ಮಾಡುತ್ತವೆ.

ತಿರುಪುಗಳಾದುವು, ಮಸೂರದಲ್ಲಿ ಗಾಜನ್ನು ಹಿಡಿದಿಡುವುದು ಮಾತ್ರ ಬಹುಮಟ್ಟಿಗೆ ತಿರುಪಲ್ಲ, ಉಂಗುರ. ಗಾಜಿನ ಅಂಚಿನ ಸುತ್ತ ಕೂತಿರುವ ಆ ತೆಳು ಉಂಗುರದಲ್ಲಿ ಎದುರುಬದುರಾಗಿ ಎರಡು ಸಣ್ಣ ಕಚ್ಚುಗಳೋ ಎರಡು ತೂತುಗಳೋ ಇರುತ್ತವೆ. ಅವೆರಡನ್ನೂ ಏಕಕಾಲದಲ್ಲಿ ಹಿಡಿದು ತಿರುಗಿಸಬೇಕು. ಈ ಸಂದರ್ಭದಲ್ಲಿ ಮಗುವಿನ ಜ್ಯಾಮಿತಿ ಪೆಟ್ಟಿಗೆಯ ಕೈವಾರದ ಕಡೆಗೆ ಕೈಚಾಚದ ಗೃಹಸ್ಥರಿಲ್ಲ. ಕೈವಾರ ಕಾಗದದ ಮೇಲೆ ವೃತ್ತ ಬರೆಯಲು ಹುಟ್ಟಿದ್ದು. ಬಲ ಬಿದ್ದೊಡನೆ ಅದರ ಕಾಲುಗಳು ಅಗಲವಾಗುತ್ತವೆ, ಮೊನೆ ಕಚ್ಚಿನಿಂದ ಹಾರಿ ಗಾಜಿನ ಉದ್ದಗಲಕ್ಕೂ ಒಂದು ಕಮಾನನ್ನು ಬರೆಯುತ್ತದೆ. ಕತ್ತರಿಯ ಎರಡು ತುದಿಗಳನ್ನು ಬಳಸುವವರ ಗತಿಯೂ ಇದೇ.

ಇದಕ್ಕೆಂದೇ ಮಾಡಿದ ಉಪಕರಣಕ್ಕೆ ಲೆನ್ಸ್ ಸ್ಪ್ಯಾನರ್ ಎಂದು ಹೆಸರು. ಅಡ್ಡಸಲಾಕೆಗಳ ಮೇಲೆ ಎರಡು ಕಾಲುಗಳು ಜರುಗಿ, ಬೇಕಾದ ಅಂತರದಲ್ಲಿ ಬಿಗಿಯಾಗಿ ನಿಲ್ಲುತ್ತವೆ. ಸುಮಾರು 10 ಮಿಲಿಮೀಟರಿನಿಂದ 100 ಮಿಲಿಮೀಟರಿನವರೆಗಿನ ಉಂಗುರಗಳಿಗೆ ಹೊಂದುವ ಸ್ಪ್ಯಾನರ್ ಒಂದಿದ್ದರೆ ಸಾಕು. ಕೊಳ್ಳುವಾಗ ಗಮನಿಸಬೇಕಾದ ಅಂಶವೊಂದೇ: ಕಾಲುಗಳನ್ನು ಬಿಗಿದ ಮೇಲೆ ಎರಡು ಕೈಗಳಿಂದ ತಿರುಚಿ ನೋಡಬೇಕು. ತುಸುವಾದರೂ ಅಲುಗಾಡಿದರೆ ಅಂಗಡಿಯಲ್ಲಿಯೇ ಬಿಟ್ಟುಬರುವುದು ಕ್ಷೇಮ. ಅಂಚೆಯಲ್ಲಿ ತರಿಸಿದ್ದಾದರೆ ಹಿಂದಿರುಗಿಸುವುದು ಕ್ಷೇಮ. ಕಾಲಿನ ತುದಿಗಳು ಎರಡು ಬಗೆ: ಕಚ್ಚುಗಳಿಗೆ ಚಪ್ಪಟೆ, ತೂತುಗಳಿಗೆ ಚೂಪು. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಬಾರದು. ಸ್ಪ್ಯಾನರ್ ಹಚ್ಚುವ ಮೊದಲು ಗಾಜಿನ ಅಳತೆಗೆ ಕತ್ತರಿಸಿದ ಆಹ್ವಾನಪತ್ರಿಕೆಯ ದಪ್ಪ ಕಾಗದವನ್ನು ಗಾಜಿನ ಮೇಲೆ ಮುಚ್ಚಿಟ್ಟರೆ, ಜಾರಿದರೂ ಪೆಟ್ಟು ಕಾಗದಕ್ಕೆ. ಮದುವೆಯ ಕರೆಯೋಲೆಗಳು ಮನೆಯಲ್ಲಿ ಇದ್ದೇ ಇರುತ್ತವೆ!

ಹಲವು ಜಪಾನೀ ಮಸೂರಗಳ ಮುಂಭಾಗದಲ್ಲಿ ಹೆಸರು ಕೆತ್ತಿದ ಉಂಗುರಕ್ಕೆ ಕಚ್ಚೂ ಇಲ್ಲ, ತೂತೂ ಇಲ್ಲ. ಒಳಗೆ ಹೋಗುವ ದಾರಿಯಾದರೋ ಅದರ ಕೆಳಗೇ ಇದೆ. ಅದನ್ನು ತಿರುಗಿಸುವ ಉಪಾಯ ರಬ್ಬರಿನ ಹಿಡಿತ. ಜಪಾನಿನಲ್ಲಿ ಇದಕ್ಕೆಂದೇ ಬೇರೆಬೇರೆ ವ್ಯಾಸದ ರಬ್ಬರ್ ಕೊಳವೆಗಳ ಕಟ್ಟನ್ನು ಮಾರುತ್ತಾರೆ. ನಮ್ಮಲ್ಲಿ ಪ್ರಯೋಗಶಾಲೆಯ ಸಾಮಾನು ಮಾರುವ ಅಂಗಡಿಗಳ ರಬ್ಬರ್ ಬಿರಡೆ ಅದೇ ಕೆಲಸಕ್ಕೆ ಬರುತ್ತದೆ. ಉಂಗುರದಷ್ಟು ಅಗಲದ ಬಿರಡೆಯನ್ನು ಆರಿಸಿ, ಅದರ ನಡುಭಾಗ ಗಾಜಿಗೆ ತಾಗದಂತೆ ಗುಳಿ ತೆಗೆದುಕೊಂಡರೆ ಆಯಿತು. ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮಿತ್ರರು ನನಗೆ ಅಂತಹ ಎರಡನ್ನು ದಾನ ಮಾಡಿದ್ದಾರೆ. ಕನ್ನಡ ವಿಭಾಗದಿಂದ ಅವರಿಗೆ ಪ್ರತಿಯಾಗಿ ಏನು ಸಲ್ಲಬಹುದೆಂಬುದು ಇನ್ನೂ ಚರ್ಚೆಯಲ್ಲಿದೆ. ಉಂಗುರವೂ ಬಿರಡೆಯೂ ಎಣ್ಣೆಯಿಲ್ಲದೆ ಒಣಗಿರಬೇಕು, ಮೇಲಿನಿಂದ ಗಟ್ಟಿಯಾಗಿ ಒತ್ತಬೇಕು, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು. ಇಕ್ಕಳದಿಂದ ಉಂಗುರವನ್ನು ಹಿಡಿದರೆ ಅದು ಮೊಟ್ಟೆಯಾಕಾರಕ್ಕೆ ತಿರುಗಿ, ಮತ್ತೆಂದೂ ತನ್ನ ಸ್ಥಾನದಲ್ಲಿ ಸರಿಯಾಗಿ ಕೂರದು.

ಚಿಮಟದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಅಯಸ್ಕಾಂತಕ್ಕೆ ಅಂಟದ, ತುದಿಗಳು ಸರಿಯಾಗಿ ಕೂಡುವ ಚಿಮಟ ಒಂದಿರಲಿ. ತಿರುಪುಳಿಯ ಮೊನೆಗೆ ಸ್ವಲ್ಪ ಅಯಸ್ಕಾಂತ ಶಕ್ತಿಯಿದ್ದರೆ ಸಣ್ಣ ತಿರುಪನ್ನು ಎತ್ತಲು ಅನುಕೂಲವೇನೋ ಸರಿ, ಆದರೆ ಅಪರ್ಚರಿನ ತೆಳ್ಳನೆಯ ಎಸಳುಗಳ ಬಳಿಗೆ ಅದನ್ನು ಒಯ್ಯದಿರುವುದು ಒಳಿತು. ಕೆಲಸಕ್ಕೆ ಕೂರುವ ಜಾಗ ಇದಕ್ಕಿಂತ ಮುಖ್ಯ. ಅಂಚು ಎತ್ತರವಿರುವ ಹರಿವಾಣವೊಂದರಲ್ಲಿ ಬಿಳಿಯ ಬಟ್ಟೆ ಹಾಸಿ ಅದರೊಳಗೆ ಕೆಲಸ ಮಾಡಬೇಕು. ಅಪರ್ಚರಿನ ಉಂಗುರ ತಿರುಗಿಸುವಾಗ ‘ಟಿಕ್ ಟಿಕ್’ ಎಂಬ ಸದ್ದು ಬರುವುದಷ್ಟೆ. ಆ ಸದ್ದಿಗೆ ಅನೇಕ ಮಸೂರಗಳಲ್ಲಿ ಕಾರಣ ಸಾಸಿವೆ ಕಾಳಿನಷ್ಟು ಗಾತ್ರದ ಒಂದು ಉಕ್ಕಿನ ಗುಂಡು ಮತ್ತು ಅದರ ಕೆಳಗಿನ ಸ್ಪ್ರಿಂಗು. ಉಂಗುರ ಎತ್ತಿದೊಡನೆ ಆ ಗುಂಡು ಜಿಗಿದು ಮಂಚದ ಕೆಳಗೆ ಸೇರಿದರೆ ಇಡೀ ಸಂಸಾರ ಮಂಡಿಯೂರಿ ಹುಡುಕಬೇಕಾದೀತು. ಪ್ರತಿಯೊಂದು ಹಂತದಲ್ಲಿಯೂ ಕೈಫೋನಿನಿಂದ ಒಂದು ಚಿತ್ರ ತೆಗೆದುಕೊಂಡರೆ, ಯಾವ ತಿರುಪು ಎಲ್ಲಿಂದ ಬಂದಿತೆಂಬ ವ್ಯಾಜ್ಯವೇ ಹುಟ್ಟದು.

ಸರಿಯಾದ ತಿರುಪುಳಿಗೂ ಮಣಿಯದ ತಿರುಪುಗಳುಂಟು. ಕಾರ್ಖಾನೆಯಲ್ಲಿ ಅವು ಸಡಿಲವಾಗದಿರಲೆಂದು ಮೆರುಗೆಣ್ಣೆಯಂತಹ ಅಂಟನ್ನು ಸವರಿರುತ್ತಾರೆ. ಅಲ್ಲಿ ಬಲಪ್ರಯೋಗ ಸಲ್ಲದು. ಸೂಜಿಯ ಮೊನೆಯಿಂದ ಒಂದೇ ಹನಿ ಅಸಿಟೋನ್ ಇಟ್ಟು ಕೆಲವು ನಿಮಿಷ ಕಾದರೆ ಅಂಟು ಮೆದುವಾಗುತ್ತದೆ. ಹನಿ ಒಂದಕ್ಕಿಂತ ಹೆಚ್ಚಾಗಬಾರದೆಂಬುದಕ್ಕೆ ಕಾರಣವಿದೆ: ಅಸಿಟೋನ್ ಪ್ಲಾಸ್ಟಿಕ್ಕನ್ನೂ ಅಂಕಿಗಳ ಬಣ್ಣವನ್ನೂ ಕರಗಿಸುತ್ತದೆ, ಎರಡು ಗಾಜುಗಳನ್ನು ಕೂಡಿಸಿದ ಅಂಟಿನವರೆಗೆ ಹರಿದರೆ ಅದನ್ನೂ ಬಿಡುವುದಿಲ್ಲ. ಇಂತಹ ದ್ರವಗಳೆಲ್ಲ ಬೇಗ ಬೆಂಕಿ ಹಿಡಿಯತಕ್ಕವು. ಆದ್ದರಿಂದ ಅಡಿಗೆಮನೆಯ ಸಮೀಪ, ದೇವರ ದೀಪದ ಸಮೀಪ ಈ ಕೆಲಸ ಬೇಡವೇ ಬೇಡ, ಕಿಟಕಿ ತೆರೆದಿರಲಿ.

ಕೈ ಪಳಗಿಸಿಕೊಳ್ಳಲು ತಂದೆಯವರ ಮಸೂರವನ್ನೇ ಹಿಡಿಯುವ ಅವಶ್ಯಕತೆಯಿಲ್ಲ. ಇದಕ್ಕೆ ನನ್ನ ಆಯ್ಕೆ ಸೋವಿಯತ್ ರಷ್ಯದ ಹೀಲಿಯೊಸ್ 44-2 ಎಂಬ ಮಸೂರ. ಜರ್ಮನಿಯ ಜೈಸ್ ಸಂಸ್ಥೆಯ ಬಯೋಟಾರ್ ವಿನ್ಯಾಸವನ್ನು ಅನುಸರಿಸಿ ಮಾಡಿದ 58 ಮಿಲಿಮೀಟರಿನ ಮಸೂರ ಇದು. ಜೆನಿಟ್ ಕ್ಯಾಮರಾಗಳ ಜೊತೆಯಲ್ಲಿ ಅಪಾರ ಸಂಖ್ಯೆಯಲ್ಲಿ ತಯಾರಾಯಿತು. ಒಳಗೆ ನಾಲ್ಕು ಗುಂಪುಗಳಲ್ಲಿ ಆರು ಗಾಜುಗಳು, ಅಪರ್ಚರಿಗೆ ಎಂಟು ಎಸಳುಗಳು. ವಿದ್ಯುತ್ತಿನ ತಂತಿ ಯಾವುದೂ ಇಲ್ಲ. ಅದರ ಉಂಗುರಗಳನ್ನು ಹಿಡಿದಿರುವುದು ಸೀಳಿರುವ, ತಲೆಯಿಲ್ಲದ ಪುಟ್ಟ ತಿರುಪುಗಳು. ಅವನ್ನು ಪೂರ್ತಿ ಹೊರತೆಗೆಯಬೇಕಿಲ್ಲ, ಎರಡು ಸುತ್ತು ಸಡಿಲಿಸಿದರೆ ಉಂಗುರ ಕಳಚಿಬರುತ್ತದೆ. ಮೇಲೆ ಹೇಳಿದ ಸಮಾನಾಂತರ ಮೊನೆಯ ಸಣ್ಣ ತಿರುಪುಳಿಗಳ ಬೆಲೆ ಅರಿವಾಗುವುದು ಇಲ್ಲಿಯೇ. ಇದಕ್ಕೆ ವಿರುದ್ಧವಾಗಿ ಇತ್ತೀಚಿನ ಸ್ವಯಂಚಾಲಿತ ಫೋಕಸ್ಸಿನ ಮಸೂರಗಳನ್ನು ಮನೆಯಲ್ಲಿ ತೆರೆಯಬಾರದು. ಅವುಗಳ ಒಳಗಿನ ರಿಬ್ಬನ್ ತಂತಿಗಳು ಎಳೆದೊಡನೆ ಹರಿಯುತ್ತವೆ. ಫ್ಲಾಷ್ ಒಳಗೊಂಡ ಸಣ್ಣ ಕ್ಯಾಮರಾಗಳನ್ನಂತೂ ಮಕ್ಕಳ ಕೈಗೆ ಬಿಚ್ಚಲು ಕೊಡಲೇಕೂಡದು. ಸೆಲ್ ತೆಗೆದ ಮೇಲೆಯೂ ಅವುಗಳ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟಿನ ವಿದ್ಯುತ್ತು ಉಳಿದಿರಬಹುದು.

ಉಪಕರಣಗಳ ಸಾಲಿನಲ್ಲಿ ಕೊನೆಯದಾಗಿ, ಕಾಸಿಲ್ಲದೆ ಸಿಗುವಂಥದು, ಚೂಪು ಮಾಡಿದ ಒಂದು ಸೂಜಿ ಅಥವಾ ಪೆನ್ಸಿಲು. ಫೋಕಸ್ ಮಾಡುವಾಗ ಮಸೂರವನ್ನು ಮುಂದೆ ಹಿಂದೆ ಸರಿಸುವ ಸುರುಳಿಯ ಕೊಳವೆಗಳು ಒಂದರೊಳಗೊಂದು ತಿರುಗುತ್ತವೆ. ಬಾಟಲಿಯ ಮುಚ್ಚಳದಂತೆ ಅವಕ್ಕೆ ಒಂದೇ ದಾರಿಯಲ್ಲ, ಹಲವು ದಾರಿಗಳಿರುತ್ತವೆ; ಎಲ್ಲಿಂದ ಬೇಕಾದರೂ ಒಳಹೊಗುತ್ತವೆ, ಸರಿಯಾದ ದಾರಿ ಮಾತ್ರ ಒಂದೇ. ಆದ್ದರಿಂದ ಎರಡು ಕೊಳವೆಗಳು ಬೇರ್ಪಡುವ ಕ್ಷಣದಲ್ಲಿಯೇ ಕೈ ನಿಲ್ಲಿಸಿ, ಎರಡರ ಮೇಲೂ ಎದುರುಬದುರಾಗಿ ಗುರುತು ಹಾಕಬೇಕು. ಬೂಷ್ಟು ತೆಗೆಯುವುದಷ್ಟೇ ಉದ್ದೇಶವಾದರೆ ಬಹುತೇಕ ಮಸೂರಗಳಲ್ಲಿ ಈ ಸುರುಳಿಯ ತನಕ ಹೋಗುವ ಪ್ರಮೇಯವೇ ಬರುವುದಿಲ್ಲ. ಹೋದದ್ದೇ ಆದರೆ, ಮರುಜೋಡಣೆಯ ಸಮಯದಲ್ಲಿ ಫೋಕಸ್ಸಿನ ಉಂಗುರದ ಸಣ್ಣ ತಿರುಪುಗಳನ್ನು ಅರೆಬಿಗಿಯಾಗಿ ಬಿಟ್ಟು, ರಾತ್ರಿಗಾಗಿ ಕಾಯಬೇಕು. ಮಾಳಿಗೆಯ ಮೇಲೆ ನಿಂತು, ಮಸೂರವನ್ನು ಕ್ಯಾಮರಾಕ್ಕೆ ಸಿಕ್ಕಿಸಿ, ಚಂದ್ರನನ್ನು ನೋಡುತ್ತ ಅವನ ಅಂಚು ನಿಚ್ಚಳವಾಗುವವರೆಗೆ ಒಳಗಿನ ಕೊಳವೆಯನ್ನು ತಿರುಗಿಸಬೇಕು. ಆಗ ಹೊರಗಿನ ಉಂಗುರದ ಅನಂತದ ಗುರುತನ್ನು, ಮಲಗಿದ ಎಂಟರಂತಿರುವ ಆ ಚಿಹ್ನೆಯನ್ನು, ಸೂಚಿಯ ಗೆರೆಗೆ ಸರಿಯಾಗಿ ತಂದು, ಆಮೇಲೆ ತಿರುಪುಗಳನ್ನು ಒಂದೊಂದು ಕಾಲುಸುತ್ತಿನಂತೆ ಬಿಗಿಯಬೇಕು. ಟಾರ್ಚ್ ಹಿಡಿಯಲು ಮನೆಯವರೊಬ್ಬರು ಜೊತೆಗಿದ್ದರೆ ಒಳ್ಳೆಯದು.